ಮಾವನ ಕೋಣೆಯ ವಾಸನೆ

೨೦೨೩ರ ಮಾರ್ಚ್ ೧೨, ಭಾನುವಾರ, ಬೆಳಗ್ಗೆ ಹತ್ತೂ ಕಾಲು. ಹೊಲಿಗೆ ಯಂತ್ರ ತುಳಿಯುತ್ತಿದ್ದ ಸೊಸೆಯ ಕಾಲು ತಟ್ಟನೆ ನಿಂತಿತು. ಮಾವ ಬಾಗಿಲ ಬಳಿ ಬ್ಯಾಗು ಇಟ್ಟು ಚಪ್ಪಲಿ ಹುಡುಕುತ್ತಿದ್ದರು.

"ಎಲ್ಲಿಗೆ ಮಾವಾ?"

"ಮಗಳ ಮನೆಗೆ. ನಾಲ್ಕು ದಿನ ಇದ್ದು ಬರ್ತೀನಿ."

"ಬ್ಯಾಗಲ್ಲಿ ಕಂಬಳೀನೂ ತುರುಕಿದ್ದೀರಿ. ಈ ಸೆಖೇಲಿ, ನಾಲ್ಕು ದಿನಕ್ಕೆ ಕಂಬಳಿ ಯಾಕೆ?"

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಸುತ್ತುದಾರಿಯ ಮಾತು ಅವರಿಗೆ ಬಾರದು. "ನೋಡಮ್ಮಾ, ಹಳೇ ಗಾಡಿ, ಹೊಗೆ ಜಾಸ್ತಿ. ನಾನು ಈ ಮನೆಗೆ ಬಂದ ಮೇಲೇ ಈ ನಾತ ಶುರುವಾಗಿದ್ದು. ನಿನ್ನ ಗಿರಾಕಿಗಳು ಮೂಗು ಹಿಡ್ಕೊಳ್ಳೋದನ್ನ ನಾನು ಕಂಡಿಲ್ವಾ? ದಿನಕ್ಕೆರಡು ಸಲ ಸ್ನಾನ ಮಾಡಿದೆ, ನಾತ ಹೋಗ್ಲಿಲ್ಲ. ಇನ್ನು ನಾನೇ ಹೋಗ್ಬೇಕು."

ಸೊಸೆ ಈ ನಾತದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಆದರೆ ಎರಡು ದಿನಕ್ಕೊಮ್ಮೆ ಅವರ ಹೊದಿಕೆ ಒಗೆದಿದ್ದಳು, ಮಂಚದ ಕೆಳಗೆ ಸುವಾಸನೆಯ ಗುಳಿಗೆ ಇಟ್ಟಿದ್ದಳು. ಬಾಯಿ ಆಡದ್ದನ್ನು ಕೈ ಆಡಿಬಿಟ್ಟಿತ್ತು.

ಅಷ್ಟರಲ್ಲಿ ಎದುರುಮನೆಯ ನರ್ಸಕ್ಕ ತನ್ನ ಸಮವಸ್ತ್ರ ಒಯ್ಯಲು ಬಂದಳು. ಬ್ಯಾಗು ನೋಡಿದಳು, ವಿಷಯ ಕೇಳಿದಳು, ಎರಡು ಸಲ ಮೂಸಿದಳು.

"ನಾತ ಇರೋದು ನಿಜ ದೊಡ್ಡಪ್ಪಾ. ಆದ್ರೆ ಇದು ಮೈ ವಾಸನೆ ಅಲ್ಲ, ಚರಂಡಿ ವಾಸನೆ."

"ಚರಂಡಿ ಇರೋದು ಬೀದೀಲಿ. ಅದು ನನ್ನ ಮಂಚದ ಹತ್ರ ಯಾಕಮ್ಮ ಬರುತ್ತೆ? ಮುದುಕನ ಸಮಾಧಾನಕ್ಕೆ ಏನೇನೋ ಹೇಳ್ಬೇಡ."

"ಬಸ್ಸಲ್ಲಿ ಕರಕಲು ವಾಸನೆ ಬಂದ್ರೆ ಪ್ರಯಾಣಿಕರನ್ನ ಇಳಿಸಿ, ಇವರದೇ ತಪ್ಪು ಅಂತಿದ್ರಾ? ಬಾನೆಟ್ ಎತ್ತಿ ನೋಡ್ತಿರ್ಲಿಲ್ವಾ?"

ಮಾವ ಚಪ್ಪಲಿ ಹುಡುಕುವುದನ್ನು ಬಿಟ್ಟರು.

ನರ್ಸಕ್ಕ ಮೊದಲು ಅಡುಗೆಮನೆಗೆ ಹೋಗಿ ಸಿಲಿಂಡರ್ ಬಳಿ ಮೂಸಿದಳು. "ಗ್ಯಾಸ್ ವಾಸನೆ ಅನ್ನಿಸಿದ್ರೆ ಹುಡುಕ್ತಾ ಕೂರಬಾರದು. ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆದು ಹೊರಗೆ ನಡೀಬೇಕು. ಇಲ್ಲಿ ಅದೇನಿಲ್ಲ." ಆಮೇಲೆ ಎಲ್ಲ ಕೋಣೆಗಳ ಬಾಗಿಲು ಮುಚ್ಚಿಸಿ, ಇಬ್ಬರನ್ನೂ ಬೀದಿಗೆ ಕರೆದೊಯ್ದಳು.

"ಒಂದೇ ವಾಸನೇಲಿ ಇದ್ರೆ ಮೂಗು ಅದಕ್ಕೆ ಒಗ್ಗಿಹೋಗುತ್ತೆ. ಸ್ವಲ್ಪ ಹೊತ್ತು ಹೊರಗಿನ ಗಾಳಿ ಕುಡೀರಿ, ಮತ್ತೆ ಚುರುಕಾಗುತ್ತೆ."

ಒಳಗೆ ಬಂದು ಒಂದೊಂದೇ ಬಾಗಿಲು ತೆರೆದರು. ಹೊಸ ಬಚ್ಚಲಲ್ಲಿ ಬರೀ ಸೋಪಿನ ಪರಿಮಳ. ಮಾವನ ಕೋಣೆಯಲ್ಲಿ ಮಾತ್ರ ಆ ನಾತ ಮೆಲ್ಲಗೆ ಸುಳಿಯಿತು. ಮಾವ ತಲೆ ತಗ್ಗಿಸಿದರು. ನರ್ಸಕ್ಕ ಅವರ ದಿಂಬು, ಹಾಸಿಗೆ ಎರಡನ್ನೂ ಎತ್ತಿ ಮೂಸಿದಳು. "ಇದರಲ್ಲಿ ಬಿಸಿಲಿನ ವಾಸನೆ ಬಿಟ್ಟರೆ ಏನಿಲ್ಲ. ಪಕ್ಕದ ಬಾಗಿಲು ಯಾವುದು?"

"ಅದು ನನ್ನ ಬಟ್ಟೆ ಕೋಣೆ," ಎಂದು ಸೊಸೆ ಬಾಗಿಲು ತೆರೆದಳು. ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು.

ಅದು ಮೊದಲು ಬಚ್ಚಲಾಗಿತ್ತು. ಮಾವ ಬರುವಾಗ ಅವರ ಮಂಡಿನೋವಿಗೆಂದು ಹಿಡಿಕೆಗಳಿರುವ ಹೊಸ ಬಚ್ಚಲು ಕಟ್ಟಿಸಿ, ಹಳೆಯದರಲ್ಲಿ ಹಲಗೆ ಹೊಡೆಸಿ ಗಿರಾಕಿಗಳ ಬಟ್ಟೆ ಇಟ್ಟಿದ್ದರು. ತೇವ ತಾಗಿದರೆ ಬಟ್ಟೆ ಹಾಳೆಂದು ಸೊಸೆ ಅಲ್ಲಿ ಒಂದು ಹನಿ ನೀರು ಬೀಳಗೊಡುತ್ತಿರಲಿಲ್ಲ. ನೆಲವನ್ನು ಒಣಬಟ್ಟೆಯಲ್ಲೇ ಒರೆಸುತ್ತಿದ್ದಳು.

ಕೆಳಗಿನ ಬಟ್ಟೆಗಂಟು ಸರಿಸಿದಾಗ ನೀರು ಹೋಗುವ ಜಾಲರಿ ಕಂಡಿತು. ನರ್ಸಕ್ಕ ಅದನ್ನು ಎತ್ತಿ ಟಾರ್ಚ್ ಬಿಟ್ಟಳು. ಒಳಗೆ ನೀರಿನ ಹೊಳಪೇ ಇರಲಿಲ್ಲ.

"ನೋಡಿ, ಇದರ ಕೆಳಗೆ ಪೈಪು ಬಾಗಿರುತ್ತೆ. ಆ ಬಾಗಿದ ಕಡೆ ಯಾವಾಗ್ಲೂ ನೀರು ನಿಂತಿರ್ಬೇಕು. ಚರಂಡಿ ಗಾಳಿಗೆ ಆ ನೀರೇ ಬಾಗಿಲು. ನೀರು ಆರಿದ್ರೆ ಬಾಗಿಲು ತೆಗೆದಿಟ್ಟ ಹಾಗೆ."

"ಅಯ್ಯೋ, ಒಣಗಿರ್ಲಿ ಅಂತ ನಾನೇ ಕಾವಲು ಕೂತಿದ್ದೆನಲ್ಲಕ್ಕಾ!"

"ಆದ್ರೆ ನಾನು ಬಂದ ಮೇಲೇ ಯಾಕೆ ಶುರುವಾಯ್ತು?" ಮಾವ ಇನ್ನೂ ಬಿಡಲಿಲ್ಲ.

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ದೊಡ್ಡಪ್ಪಾ. ನೀವು ಬಂದ್ರಿ, ಬಚ್ಚಲು ಬದಲಾಯ್ತು, ಇಲ್ಲಿ ನೀರು ಬೀಳೋದು ನಿಂತುಹೋಯ್ತು."

ಸೊಸೆ ಗಂಟುಗಳನ್ನು ಹೊರಗಿಟ್ಟು ಜಾಲರಿಗೆ ನಿಧಾನವಾಗಿ ನೀರು ಸುರಿದಳು. ಬೇಗ ಆರದಿರಲೆಂದು ನರ್ಸಕ್ಕ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟಳು. ಕಿಟಕಿಗಳನ್ನೆಲ್ಲ ತೆರೆದರು.

"ಸಂಜೆ ತನಕ ನೋಡ್ತೀನಿ. ಬ್ಯಾಗು ಮಾತ್ರ ಬಿಚ್ಚಲ್ಲ," ಎಂದರು ಮಾವ.

ಸಂಜೆ ಬೀದಿಯಲ್ಲಿ ಒಂದು ಸುತ್ತು ನಡೆದು ಬಂದರು. ನೇರ ತಮ್ಮ ಕೋಣೆಗೆ ಹೋಗಿ ನಿಂತು ಮೂಸಿದರು. ಬಗ್ಗಿ ಮೂಸಿದರು. ಕೊನೆಗೆ ತಮ್ಮ ಅಂಗಿಯ ತೋಳನ್ನೂ ಮೂಸಿದರು. ಆಮೇಲೆ ಕಂಬಳಿ ಹಿಡಿದು ಸೊಸೆಯ ಮುಂದೆ ಬಂದರು.

"ಇದನ್ನ ಎಲ್ಲಿಡ್ಲಮ್ಮಾ?"

"ಅದರ ಜಾಗದಲ್ಲೇ ಮಾವಾ." ಅವಳು ಕಂಬಳಿಗೆ ಕೈಚಾಚಿದಳು. "ನಾನೂ ಮನಸ್ಸಲ್ಲಿ ನಿಮ್ಮನ್ನೇ…"

"ಬಿಡು. ನನ್ನ ಮೇಲೆ ನನಗೇ ಅನುಮಾನ ಇತ್ತು, ನಿನ್ನದೇನು ಮಹಾ! ಇನ್ಮೇಲೆ ಆ ಜಾಲರಿಗೆ ನಾನೇ ಡ್ರೈವರ್. ಭಾನುವಾರ ಭಾನುವಾರ ನೀರು ಹಾಕೋದು ನನ್ನ ಡ್ಯೂಟಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಗೊತ್ತಾಗದ ವಾಸನೆ ಇದ್ದರೆ ಅದರ ಮೇಲೆ ಸುಗಂಧ ಸುರಿಯಬೇಡಿ, ಮನೆಯವರನ್ನು ಅನುಮಾನಿಸಬೇಡಿ. ಹೊರಗೆ ಹೋಗಿ ಮೂಗು ತಿಳಿಮಾಡಿಕೊಂಡು ಬಂದು, ಕೋಣೆ ಕೋಣೆ ಹುಡುಕಿ. ಬಳಸದ ಬಚ್ಚಲಿದ್ದರೆ ವಾರಕ್ಕೊಮ್ಮೆ ನೀರು ಹಾಕಿ. ಆಮೇಲೂ ವಾಸನೆ ಹೋಗದಿದ್ದರೆ ಪೈಪು ಒಡೆದಿರಬಹುದು, ಪ್ಲಂಬರನ್ನು ಕರೆಯಿರಿ. ಆ ಭಾನುವಾರ ಮಾವನನ್ನು ಮನೆಯಲ್ಲೇ ಉಳಿಸಿಕೊಳ್ಳಲು ಬೇಕಾದ ನೀರು ಒಂದೂವರೆ ಲೀಟರ್.