ಅಜ್ಜಿಯ ಹನ್ನೊಂದು ಗಿಳಿಗಳು

ಕಾಗೆ ಗುಬ್ಬಿ ಮಾತಾಡುತ್ತಿದ್ದ ಕಾಲವೇನಲ್ಲ, ಹೋದ ತಿಂಗಳು. ಒಬ್ಬ ಅಜ್ಜಿ ಇದ್ದಳು, ನಮ್ಮಜ್ಜಿಯೇ. ಅವಳು ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗಿರುತ್ತಿತ್ತು. ಅವಳ ಪ್ರಾಣ ನೀಲಿ ಇನ್ಹೇಲರಿನಲ್ಲಿತ್ತು. ಆದರೆ ರಾಕ್ಷಸನಷ್ಟು ದಡ್ಡಿಯಲ್ಲ, ಒಂದೇ ಗಿಳಿಯನ್ನು ನಂಬಿರಲಿಲ್ಲ. ಔಷಧಿ ಮುಗಿದ ಹನ್ನೊಂದು ಇನ್ಹೇಲರುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಆಪತ್ತಿಗೆಂದು ಕಾದಿಟ್ಟಿದ್ದಳು.

ಡಾಕ್ಟರಮ್ಮ ಅಜ್ಜಿ ಎಷ್ಟು ಜೋರಾಗಿ ಉಸಿರೆಳೆಯಬಲ್ಲಳೆಂದು ಪರೀಕ್ಷಿಸಿ, ನೀಲಿ ಸ್ಪ್ರೇ ಬದಲು ಪುಡಿಯ ಇನ್ಹೇಲರ್ ಕೊಟ್ಟರು. "ಸ್ಪ್ರೇನಲ್ಲಿರೋ ಗ್ಯಾಸು ಭೂಮೀನ ಬಿಸಿ ಮಾಡುತ್ತೆ ಅಜ್ಜಿ. ಔಷಧಿ ಮುಗಿದ್ರೂ ಗ್ಯಾಸು ಉಳಿದಿರುತ್ತೆ. ಹಳೇದನ್ನೆಲ್ಲ ಔಷಧಿ ಅಂಗಡಿಗೆ ವಾಪಸ್ ಕೊಡಿ."

"ನಾನು ಕೊಟ್ಟು ಬರ್ತೀನಿ," ಎಂದು ಮಾತು ಕೊಟ್ಟೆ. ನಾಲಿಗೆಗೇನು, ಎಲುಬಿಲ್ಲ.

ಮನೆಯಲ್ಲಿ ಅಜ್ಜಿ ಡಬ್ಬಿಯನ್ನು ಮಡಿಲಿಗೆಳೆದುಕೊಂಡಳು. "ಪುಡಿಯಂತೆ! ಫುಸ್ ಅನ್ನಲ್ಲ. ಒಳಗೆ ಹೋಯ್ತೋ ಇಲ್ವೋ ಯಾರಿಗ್ಗೊತ್ತು? ನನಗೆ ಉಸಿರು ಕಟ್ಟಿದ್ರೆ ಭೂಮಿ ಬಂದು ಬೆನ್ನು ಸವರುತ್ತಾ?"

"ಅವು ಖಾಲಿ, ಅಜ್ಜಿ."

"ಖಾಲಿ ನಿನ್ನ ತಲೆ. ಅಲ್ಲಾಡಿಸಿ ನೋಡೇ, ಒಳಗೆ ಕುಲುಕಾಡುತ್ತೆ."

ವಾರವೆಲ್ಲ ಗೋಗರೆದ ಮೇಲೆ, "ಹಾಳಾಗ್ಹೋಗ್ಲಿ, ಸಾಯಂಕಾಲ ತಗೊಂಡ್ಹೋಗು," ಎಂದಳು. ಭೂಮಿ ಒಂದಿಷ್ಟು ತಣ್ಣಗಾದ ಹಾಗೆ ಹಗಲುಗನಸು ಕಾಣುತ್ತ ನಾನು ಚೀಲ ಹುಡುಕುತ್ತಿದ್ದೆ. ಮಹಡಿಯ ಮೇಲಿನಿಂದ ಫುಸ್, ಫುಸ್ ಎಂಬ ಸದ್ದು.

ಓಡಿದೆ. ಅಜ್ಜಿ ಒಂದೊಂದನ್ನೂ ಆಕಾಶಕ್ಕೆ ಹಿಡಿದು ಒತ್ತುತ್ತಿದ್ದಳು! ನಾಲ್ಕು ಆಗಲೇ ಬರಿದಾಗಿದ್ದವು.

"ಅಯ್ಯೋ, ಏನು ಮಾಡ್ತಿದ್ದೀಯ?"

"ಇನ್ನೊಬ್ರ ಕೈಗೆ ಕೊಡೋ ಡಬ್ಬೀನ ಬರಿದು ಮಾಡಿ, ತೊಳೆದು ಕೊಡ್ಬೇಕು ಕಣೇ. ಎಂಜಲು ಕೊಟ್ರೆ ಮನೆತನದ ಮಾನ ಏನಾಗ್ಬೇಕು?"

ಮಾನ ಉಳಿಯಿತು, ಆಕಾಶ ಕೆಟ್ಟಿತು. ಮೆಟ್ಟಿಲು ಹತ್ತಿದ್ದಕ್ಕೋ ಏನೋ, ಅಜ್ಜಿಗೆ ಉಸಿರು ಸಿಕ್ಕಿಕೊಂಡಿತು. ದಿನಬಳಕೆಯ ನೀಲಿಯದು ಕೆಳಗೆ ದಿಂಬಿನಡಿ. ಐದನೆಯದನ್ನು ಬಾಯಿಗಿಟ್ಟಳು: ಫುಸ್. ಆರನೆಯದು: ಫುಸ್. ಸದ್ದು ಬೇಕಾದಷ್ಟಿತ್ತು, ಔಷಧಿ ಇರಲಿಲ್ಲ. ಎದೆ ಸಿಳ್ಳೆ ಹಾಕತೊಡಗಿತು. ಅವಳು ಮುಟ್ಟದೆ ಬಿಟ್ಟಿದ್ದ ಪುಡಿಯದನ್ನು ನಾನೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ತೆರೆದು ಅವಳ ತುಟಿಗಿಟ್ಟೆ.

"ಜೋರಾಗಿ ಎಳ್ಕೋ ಅಜ್ಜಿ!"

ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಸಿಳ್ಳೆ ಇಳಿಯಿತು.

"ಸದ್ದೇ ಇಲ್ಲ," ಎಂದಳು, ಅದನ್ನು ತಿರುಗಿಸಿ ನೋಡುತ್ತ. "ನಿಮ್ಮ ತಾತನ ಹಾಗೆ. ಬಾಯಿಲ್ಲ, ಕೆಲಸ ಮಾಡುತ್ತೆ." ಆಮೇಲೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದಳು. "ನಡಿ, ನಾನೂ ಬರ್ತೀನಿ."

ಔಷಧಿ ಅಂಗಡಿಯವನು ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದ. "ಈ ನಾಲ್ಕು ಹಗುರವಾಗಿವೆಯಲ್ಲ ಅಜ್ಜಿ?"

"ಅವು ಸ್ವಚ್ಛ ಮಾಡಿದ್ದು," ಎಂದಳು ಅಜ್ಜಿ ಹೆಮ್ಮೆಯಿಂದ. "ಉಳಿದವನ್ನ ಮಾಡೋಕೆ ಈ ಹುಡುಗಿ ಬಿಡ್ಲಿಲ್ಲ."

ಹನ್ನೊಂದು ಗಿಳಿಗಳನ್ನೂ ಅವಳೇ ಅವನ ಪೆಟ್ಟಿಗೆಗೆ ಇಳಿಸಿದಳು.