ಗುಂಡಿ ಅಂಗಡಿಗೆ ಬಿದ್ದ ಮುದ್ರೆ

ತಂಗಿಯ ಗುಂಡಿ ಅಂಗಡಿಗೆ ತೆರಿಗೆ ಇಲಾಖೆಯವರು ಬೀಗ ಜಡಿದು ಅರಗಿನ ಮುದ್ರೆ ಒತ್ತಿದಾಗ, ಎದುರು ಸಾಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಅಕ್ಕನಿಗೆ ಮೊದಲು ಗಾಬರಿಯಾಯಿತು. ಆಮೇಲೆ ಆದದ್ದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊಟ್ಟೆಕಿಚ್ಚು. ಬೀಗ ಬಿದ್ದ ಅಂಗಡಿಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವವರು ಲೋಕದಲ್ಲಿ ಇದ್ದಾರೆಯೇ? ಇದ್ದಳು, ಬಣ್ಣದ ಹಂಡೆಯ ಪಕ್ಕದಲ್ಲಿ ಮೊಣಕೈವರೆಗೆ ನೀಲಿಯಾಗಿ ನಿಂತಿದ್ದಳು.

ಉರಿಯಲು ಕಾರಣವೂ ಇತ್ತು. ನಾಲ್ಕು ವರ್ಷದ ಹಿಂದೆ ಇದೇ ಇಲಾಖೆ ಅವಳಿಗೂ ದಂಡ ಹಾಕಿತ್ತು. ಬೇರೆ ಯಾರದೋ ಬಣ್ಣದ ಕಾರ್ಖಾನೆಯ ಲೆಕ್ಕವನ್ನು ತಂದು ಅವಳ ತಲೆಗೆ ಕಟ್ಟಿದ್ದರು. ಹನ್ನೊಂದು ಸಲ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಕೊನೆಗೆ ಸಾಕಪ್ಪಾ ಸಾಕು ಎಂದು ಕೈಬಳೆ ಮಾರಿ ಕಟ್ಟಿ ಬಂದಿದ್ದಳು. ಆಗ ಬೀದಿಯ ಒಂದು ನರಪಿಳ್ಳೆಯೂ ಏನಮ್ಮಾ ಎಂದು ಕೇಳಿರಲಿಲ್ಲ.

ಈಗ ನೋಡಿದರೆ ಊರಿನ ದರ್ಜಿಗಳೆಲ್ಲ ತಂಗಿಯ ಅಂಗಡಿಯ ಮೆಟ್ಟಿಲ ಮೇಲೆ! ಬೀಗದ ಅಂಗಡಿಯವನು ಕುರ್ಚಿ ತಂದುಕೊಟ್ಟ. ಗಡಿಯಾರ ರಿಪೇರಿಯವನು ಬಿಸಿಬಿಸಿ ಚಹಾ ತಂದ. ಎರಡನೇ ದಿನ ಬೀದಿಯವರೆಲ್ಲ ಅರ್ಧ ದಿನ ಬಾಗಿಲು ಹಾಕಿದರು. ಪತ್ರಿಕೆಯವನೊಬ್ಬ ಬಂದು ಫೋಟೋ ಹೊಡೆದುಕೊಂಡು ಹೋದ. ತಂಗಿ ಕಣ್ಣೊರೆಸಿಕೊಳ್ಳುತ್ತಲೇ ಎಲ್ಲರನ್ನೂ ನಗಿಸುತ್ತಿದ್ದಳು: "ಮೂವತ್ತು ವರ್ಷ ಗುಂಡಿ ಮಾರಿದೆ, ಈಗ ನಾನೇ ಗುಂಡಿಗೆ ಬಿದ್ದೆ."

ಆ ಮಾತು ಸಂಜೆಯೊಳಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಮೂರು ಜನ ಅದನ್ನು ಅಕ್ಕನಿಗೇ ಬಂದು ಹೇಳಿದರು. ಮೂರು ಸಲವೂ ಅವಳು ಹಲ್ಲು ಕಚ್ಚಿ ನಕ್ಕಳು. ಚಿಕ್ಕಂದಿನಿಂದಲೂ ಇದೇ ಕಥೆ. ಇಬ್ಬರಿಗೂ ಜ್ವರ ಬಂದರೆ ಮನೆಯವರು ತಂಗಿಯ ಹಣೆಯನ್ನೇ ಮೊದಲು ಮುಟ್ಟುತ್ತಿದ್ದರು. "ನೀನು ಗಟ್ಟಿಗಿತ್ತಿ" ಎನ್ನುತ್ತಿದ್ದರು. ಗಟ್ಟಿಗಿತ್ತಿ ಎನ್ನಿಸಿಕೊಂಡವಳ ಪಾಡು ಗಟ್ಟಿಗಿತ್ತಿಗೇ ಗೊತ್ತು.

ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ "ಯಂತ್ರೋಪಕರಣಗಳ ಮಾರಾಟದಲ್ಲಿ ಆರು ವರ್ಷಗಳ ತೆರಿಗೆ ವಂಚನೆ" ಎಂದಿತ್ತು. ಯಂತ್ರೋಪಕರಣ ಎಲ್ಲಿಂದ ಬಂತೋ ಯಾರಿಗೂ ತಲೆಬುಡ ತಿಳಿಯಲಿಲ್ಲ. ಕೇಳಲು ಹೋದ ತಂಗಿಯನ್ನು ಕಚೇರಿಯ ಕಾವಲುಗಾರ ಗೇಟಿನಲ್ಲೇ ತಡೆದು, "ನೋಟಿಸ್ ಬರುತ್ತೆ, ಆಗ ಬನ್ನಿ" ಎಂದು ಅಟ್ಟಿದ.

ಆ ನೋಟಿಸ್ ಸೋಮವಾರ ಬಂತು. ಅಂಗಡಿ ಮುಚ್ಚಿದ್ದರಿಂದ ಅಂಚೆಯವನು ಅದನ್ನು ಅಕ್ಕನ ಕೈಗಿಟ್ಟ. "ನಿಮ್ಮ ತಂಗಿಗೆ ಕೊಟ್ಟುಬಿಡಿ."

ಅವಳು ಕೊಡಲಿಲ್ಲ. ಒಡೆದು ಓದಿದಳು. ಓದಿದ ಮೇಲೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಇಲಾಖೆಯ ಪಟ್ಟಿಯಲ್ಲಿ ತಂಗಿಯ ವ್ಯಾಪಾರ "ಗುಂಡಿ" ಎಂದಷ್ಟೇ ಇತ್ತು. ಯಾವ ಪುಣ್ಯಾತ್ಮನೋ ಅದನ್ನು ಲಿಫ್ಟಿಗೆ, ಮೋಟರಿಗೆ ಹಾಕುವ ಒತ್ತುಗುಂಡಿ ಎಂದು ತಿಳಿದು, ಅಂಗಿಯ ಗುಂಡಿಗೆ ವಿದ್ಯುತ್ ಸಾಮಾನಿನ ತೆರಿಗೆ ಜಡಿದಿದ್ದ. ಗುರುವಾರ ಮಧ್ಯಾಹ್ನ ಮೂರಕ್ಕೆ ಮಾದರಿ ಸಮೇತ ವಿಚಾರಣೆಗೆ ಬರಬೇಕು, ಬಾರದಿದ್ದರೆ ಸರಕು ಹರಾಜು ಎಂದು ಕೆಳಗೆ ಬರೆದಿತ್ತು.

ಕಾಗದವನ್ನು ಕಪ್ಪು ಬಣ್ಣದ ಡಬ್ಬಿಯ ಕೆಳಗೆ ಇಟ್ಟಳು. ಸಂಜೆ ಕೊಟ್ಟರಾಯಿತು ಎಂದುಕೊಂಡಳು. ಸಂಜೆ ತಂಗಿಯ ಸುತ್ತ ಎಂಟು ಜನ ಕೂತಿದ್ದರು. ಇಷ್ಟು ಜನ ಇದ್ದಾರಲ್ಲ, ಅವರೇ ಬಿಡಿಸಿಕೊಳ್ಳಲಿ ಎನ್ನಿಸಿತು. ಮಂಗಳವಾರ ಮಳಿಗೆದಾರರ ಸಂಘದವರು ಬಂದು ತಂಗಿಯ ಹೆಗಲು ತಟ್ಟಿದರು. ಬುಧವಾರ ಯಾರೂ ಏನೂ ಮಾಡಲಿಲ್ಲ. ಕೊಡಲು ಅದೇ ಒಳ್ಳೆಯ ದಿನವಾಗಿತ್ತು. ಆದರೆ ಎರಡು ದಿನ ತಡವಾದದ್ದಕ್ಕೆ ಏನು ಹೇಳುವುದು? ಅವಳು ಹಂಡೆಯೊಳಗಿನ ಬಟ್ಟೆಯನ್ನು ಬೇಕಿಲ್ಲದಿದ್ದರೂ ತಿರುವುತ್ತ ನಿಂತಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ವ್ಯಾನು ಬಂದು ನಿಂತಿತು. ವಿಚಾರಣೆಗೆ ಇನ್ನೂ ಐದು ಗಂಟೆ ಇತ್ತು. ಆದರೂ ನಾಲ್ವರು ಮುದ್ರೆ ಒಡೆದು ಒಳಹೊಕ್ಕರು. ಸರಕಿನ ತೂಕ ಹಾಕಬೇಕಂತೆ.

ತಂಗಿಯ ಅಂಗಡಿಯಲ್ಲಿ ಇನ್ನೂರ ಹನ್ನೆರಡು ಸಣ್ಣ ಡ್ರಾಯರುಗಳಿದ್ದವು. ಚಿಪ್ಪಿನವು, ಕೊಂಬಿನವು, ಮರದವು, ಹಿತ್ತಾಳೆಯವು. ಎರಡು ತೂತಿನವು, ನಾಲ್ಕು ತೂತಿನವು. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದದ್ದೇ ಸಿಗುವಂತೆ ಜೋಡಿಸಿದ್ದಳು. ಅವುಗಳಲ್ಲಿ ನಲವತ್ತು ಡ್ರಾಯರಿನಷ್ಟಕ್ಕೆ ಬಣ್ಣ ಹಾಕಿದವಳು ಅಕ್ಕನೇ. ಬೂದಿಬಣ್ಣ ಒಂದರಲ್ಲೇ ಒಂಬತ್ತು ಛಾಯೆ. ಹೊಟ್ಟೆಕಿಚ್ಚು ಇದ್ದರೂ ಕೆಲಸದಲ್ಲಿ ಮಾತ್ರ ಎಂದೂ ಮೋಸ ಮಾಡಿರಲಿಲ್ಲ.

ಆ ನಾಲ್ವರು ಡ್ರಾಯರು ಎಳೆಎಳೆದು, ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ಸುರಿಯತೊಡಗಿದರು. ಜರ್ರನೆ ಸದ್ದು. ಚಿಪ್ಪು, ಹಿತ್ತಾಳೆ, ಒಂಬತ್ತು ಬೂದಿ, ಎಲ್ಲ ಕಲಸುಮೇಲೋಗರ. ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈ ಸಲ ಅವಳ ಬಾಯಲ್ಲಿ ಜೋಕು ಇರಲಿಲ್ಲ. ಸುತ್ತ ನಿಂತ ದರ್ಜಿಗಳು ಒಂದೊಂದೇ ಹೆಜ್ಜೆ ಹಿಂದೆ ಸರಿದರು.

ಅಕ್ಕನಿಗೆ ತಂಗಿಯ ಮೇಲೆ ಕನಿಕರ ಉಕ್ಕಿತೆಂದು ಹೇಳಿದರೆ ಸುಳ್ಳಾದೀತು. ಒಂಬತ್ತು ಬೂದಿಗಳು ಬೆರೆತುಹೋದದ್ದನ್ನು ಅವಳಿಂದ ನೋಡಲಾಗಲಿಲ್ಲ, ಅಷ್ಟೇ. ಡಬ್ಬಿ ಸರಿಸಿ, ಕಾಗದ ಎತ್ತಿಕೊಂಡು, ನೀಲಿ ಕೈಯಲ್ಲೇ ರಸ್ತೆ ದಾಟಿದಳು.

"ನಿಲ್ಲಿಸ್ರೀ! ವಿಚಾರಣೆ ಮೂರು ಗಂಟೆಗೆ ಅಂತ ನೀವೇ ಬರೆದಿದ್ದೀರ. ಅದಕ್ಕೂ ಮುಂಚೆ ಕೈ ಹಾಕೋಕೆ ಯಾರು ಹೇಳಿದ್ದು ನಿಮಗೆ?"

ಅವರಲ್ಲಿ ಹಿರಿಯವನು ಕಾಗದ ಓದಿ, ತಲೆ ಕೆರೆದುಕೊಂಡ. ಗೋಣಿಚೀಲ ಕೆಳಗಿಳಿಯಿತು. ತಂಗಿ ಕಾಗದ ಇಸಿದುಕೊಂಡು, ಮೊದಲು ಮೇಲಿನ ತಾರೀಖು ನೋಡಿದಳು. ಅದರ ಮೇಲೆ ಕಪ್ಪು ಡಬ್ಬಿಯ ತಳದ ಗುರುತು ದುಂಡಗೆ ಮೂಡಿತ್ತು.

"ಇದು ಯಾವತ್ತು ಬಂತು?"

"ಸೋಮವಾರ."

"ಇವತ್ತು ಗುರುವಾರ."

"ಹೌದು."

ತಂಗಿ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು. ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಕಚೇರಿಗೆ ಹೋದರು.

ಅಧಿಕಾರಿ ಕಂಪ್ಯೂಟರಿನಿಂದ ಮುಖ ಎತ್ತದೆ ಮಾತಾಡಿದ. "ನಮ್ಮ ದಾಖಲೆ ಪ್ರಕಾರ ನೀವು ವಿದ್ಯುತ್ ಒತ್ತುಗುಂಡಿ ವ್ಯಾಪಾರಿ."

"ಅಲ್ಲ ಸಾರ್, ಅಂಗಿ ಗುಂಡಿ," ಎಂದಳು ತಂಗಿ.

"ಸಿಸ್ಟಮ್ಮಲ್ಲಿ ಗುಂಡಿ ಅಂತಿದೆ. ಗುಂಡಿ ಅಂದ್ರೆ ಗುಂಡಿ. ನಾವು ಬದಲಾಯಿಸೋಕೆ ಬರಲ್ಲ."

ಆ ಮಾತಿನ ಧಾಟಿ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಸಲ ಇದನ್ನೇ ಕೇಳಿ ತಲೆತಗ್ಗಿಸಿ ಬಂದಿದ್ದಳು. ಇವತ್ತು ತನ್ನ ಸ್ವೆಟರಿನ ಗುಂಡಿಯೊಂದನ್ನು ಪಟ್ಟನೆ ಕಿತ್ತು ಮೇಜಿನ ಮೇಲಿಟ್ಟಳು.

"ಒತ್ತಿ ಸ್ವಾಮಿ."

"ಏನು?"

"ಒತ್ತಿ ನೋಡಿ. ಲಿಫ್ಟು ಮೇಲೆ ಹೋದ್ರೆ ಇವಳು ಪೂರ್ತಿ ತೆರಿಗೆ ಕಟ್ತಾಳೆ."

ಪಕ್ಕದ ಮೇಜಿನ ಗುಮಾಸ್ತೆ ಕಿಸಕ್ಕನೆ ನಕ್ಕಳು. ಸಾಲಿನಲ್ಲಿ ನಿಂತಿದ್ದ ಹತ್ತು ಹದಿನೈದು ಜನ ಹೋ ಎಂದರು. ಅಧಿಕಾರಿಯ ಕಿವಿ ಕೆಂಪಾಯಿತು. ಬದಲಾಯಿಸಲು ಬರುವುದಿಲ್ಲ ಎಂದಿದ್ದ ಅದೇ ಕಂಪ್ಯೂಟರಿನಲ್ಲಿ ಕಾಲು ಗಂಟೆ ಟಕಟಕ ಒತ್ತಿ, "ವರ್ಗೀಕರಣದ ಲೋಪ" ಎಂದು ಮುದ್ರಿಸಿ, ಸಹಿ ಹಾಕಿ ಕೊಟ್ಟ. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

"ನಂದೂ ಒಂದಿದೆ," ಎಂದಳು ಅಕ್ಕ. "ನಾಲ್ಕು ವರ್ಷದ ಹಿಂದಿನ ದಂಡ."

"ಮೇಲ್ಮನವಿ ಅವಧಿ ಮುಗಿದಿದೆ," ಎಂದ ಅವನು. "ಮುಂದಿನವರು ಬನ್ನಿ."

ಬೆರೆತ ಗುಂಡಿಗಳನ್ನು ಬೇರ್ಪಡಿಸಲು ಐದು ವಾರ ಹಿಡಿಯಿತು. ದರ್ಜಿಗಳು ಎರಡು ದಿನ ಉತ್ಸಾಹದಿಂದ ಬಂದು, ಆಮೇಲೆ ತಂತಮ್ಮ ಕೆಲಸಕ್ಕೆ ಹೋದರು. ಒಂಬತ್ತು ಬೂದಿಗಳನ್ನು ಗುರುತಿಸಬಲ್ಲ ಕಣ್ಣು ಅಕ್ಕನಿಗೆ ಮಾತ್ರ ಇತ್ತು. ದಿನವೂ ತನ್ನ ಅಂಗಡಿ ಮುಚ್ಚಿ ಬಂದು ಕೂರುತ್ತಿದ್ದಳು. ಅಕ್ಕತಂಗಿಯರ ನಡುವೆ "ಇದು ಯಾವುದು", "ಏಳನೇದು" ಎನ್ನುವುದರಾಚೆ ಮಾತಿರಲಿಲ್ಲ.

ಮೂರನೇ ವಾರ ಪತ್ರಿಕೆಯವನು ಮತ್ತೆ ಬಂದ. "ಏನೋ ಲಿಫ್ಟಿನ ಮಾತು ಹೇಳಿದ್ರಂತೆ, ಊರೆಲ್ಲ ನಗ್ತಿದೆ. ಯಾರು ಹೇಳಿದ್ದು?"

ತಂಗಿ ಕೈಯಲ್ಲಿದ್ದ ಗುಂಡಿಯನ್ನು ಕೆಳಗಿಟ್ಟು, ಅಕ್ಕನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡಿದಳು. "ನಾನೇ ಹೇಳಿದ್ದು," ಎಂದಳು.

ಅಕ್ಕನ ಎದೆಯಲ್ಲಿ ಬೆಂಕಿ ಭಗ್ಗೆಂದಿತು. ಜೀವಮಾನದಲ್ಲಿ ತಾನು ಆಡಿದ ಒಂದೇ ಒಂದು ಚುರುಕಿನ ಮಾತು, ಅದೂ ಅವಳ ಪಾಲಿಗೇ! ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ತಂಗಿ ಕಣ್ಣು ತೆಗೆಯಲಿಲ್ಲ. ಆ ನೋಟದಲ್ಲಿ ಸೋಮವಾರ ಇತ್ತು, ಮಂಗಳವಾರ ಇತ್ತು, ಬುಧವಾರವೂ ಇತ್ತು.

"ಹೌದು," ಎಂದಳು ಅಕ್ಕ, "ಇವಳೇ ಹೇಳಿದ್ದು. ನಾನು ಪಕ್ಕದಲ್ಲೇ ಇದ್ದೆ."

ಪತ್ರಿಕೆಯವನು ಬರೆದುಕೊಂಡ. ಫೋಟೋಗೆ ತಂಗಿ ಸೆರಗು ಸರಿಮಾಡಿಕೊಂಡಳು. ಅಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಹೋದ ಮೇಲೆ ತಂಗಿ ಒಳಗಿನಿಂದ ಎರಡು ಲೋಟ ಚಹಾ ತಂದು, ಒಂದನ್ನು ಅಕ್ಕನ ಮುಂದಿಟ್ಟಳು. ಆ ಗುರುವಾರದಿಂದೀಚೆಗೆ ಅದೇ ಮೊದಲ ಸಲ.