ಸೊಸೆಯ ನಡಿಗೆ

ಅರುಣಕುಮಾರಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಮಾವ ಕೋದಂಡಪ್ಪ ಬಾಗಿಲಲ್ಲಿ ನಿಂತಿರುತ್ತಿದ್ದ. "ಕೊಡಮ್ಮ, ನಾನ್ ಇಡ್ಕೊತೀನಿ" ಎಂದು ಅವಳ ಚೀಲವನ್ನು ಕೈಗೆ ತೆಗೆದುಕೊಳ್ಳುತ್ತಿದ್ದ. ಎದುರು ಸಾಲಿನ ಮನೆಯವರು ಅದನ್ನು ಅಕ್ಕರೆ ಎಂದುಕೊಂಡಿದ್ದರು. ಆದರೆ ಒಳಗೆ ಬಂದ ಮೇಲೆ ಅವನು ಊಟದ ಡಬ್ಬಿಯ ಮುಚ್ಚಳ ತೆಗೆದು ಮೂಸುವುದನ್ನು ಅವರು ನೋಡಿರಲಿಲ್ಲ.

ಅವಳು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮೈ ದಪ್ಪ. ಎರಡು ವರ್ಷದ ಹಿಂದೆ ಸೊಂಟದಲ್ಲಿ ಶುರುವಾದ ನೋವು ಈಗ ಬಲಗಾಲಿಗೆ ಇಳಿದಿತ್ತು. ಸಾಂಬಾರಿನ ಪಾತ್ರೆ ಎತ್ತುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಲ್ಲಿ ಒಂದೇ ಮುದ್ದೆ ಉಂಡು ಏಳುವ ಸೊಸೆ ಶಾಲೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಾಳೆ, ಮಿಕ್ಕಿದ್ದನ್ನು ಕದ್ದು ತರುತ್ತಾಳೆ ಎಂಬುದು ಕೋದಂಡಪ್ಪನ ಅನುಮಾನ.

ಅನುಮಾನ ಅವನ ಕಸುಬೇ ಆಗಿತ್ತು. ಚಿನ್ನದ ಗಣಿ ಮುಚ್ಚುವವರೆಗೂ ಅವನು ಶಾಫ್ಟಿನ ಬಾಯಲ್ಲಿ ಕಾವಲುಗಾರನಾಗಿದ್ದ. ಪಾಳಿ ಮುಗಿಸಿ ಮೇಲೆ ಬಂದವರನ್ನು ತಡವಿ ನೋಡಿ ಆಚೆ ಬಿಡುವುದು ಅವನ ಕೆಲಸ. "ಮಖ ನೋಡಿದ್ರೆ ಏನೂ ಗೊತ್ತಾಗಲ್ಲ ಕಣ್ಲಾ" ಎಂದು ಮಗ ಬಾಲಾಜಿಗೆ ಈಗಲೂ ಹೇಳುತ್ತಿದ್ದ. "ನಡಿಗೆ ನೋಡ್ಬೇಕು. ಅದಿರು ಬಚ್ಚಿಟ್ಕಂಡೋನು ಒಂದ್ ಕಾಲು ಉಷಾರಾಗಿ ಇಡ್ತಾನೆ."

ಸೊಸೆ ಬಲಗಾಲನ್ನು ಹುಷಾರಾಗಿ ಇಡುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಬಂಗಾರಪೇಟೆಯ ಡಾಕ್ಟರಿಗೆ ಅಷ್ಟೂ ಬೇಕಿರಲಿಲ್ಲ. ಮೊದಲ ದಿನ ಅವಳು ಬಾಯಿ ತೆರೆಯುವ ಮೊದಲೇ ಮೂಲೆಯ ತೂಕದ ಯಂತ್ರ ತೋರಿಸಿದ್ದರು. "ಕೋಲಾರಕ್ಕೆ ಬರೆದುಕೊಡಿ ಸಾರ್, ಸ್ಕ್ಯಾನ್ ಮಾಡಿಸ್ತೀನಿ" ಎಂದು ಕೇಳಿದ್ದಕ್ಕೆ, "ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ" ಎಂದಿದ್ದರು. ಅವಳು ಇಳಿಸಿದಳು. ಅನ್ನ ಬಿಟ್ಟಳು, ಸಂಜೆ ಗಣಿಯ ಮಣ್ಣು ಸುರಿದ ಸಯನೈಡ್ ದಿಬ್ಬದವರೆಗೆ ನಡೆದಳು. ಮಂಡಿ ಹಗುರಾಯಿತು, ಮೆಟ್ಟಿಲು ಹತ್ತುವುದು ಸಲೀಸಾಯಿತು. ಅಷ್ಟರಮಟ್ಟಿಗೆ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಸೊಂಟದ ನೋವು ಮಾತ್ರ ಇದ್ದಲ್ಲೇ ಇತ್ತು. ಹಾಗೆಂದು ಹೇಳಿದಾಗ ಡಾಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಇಳಿಸಿ" ಎಂದು ನೋವಿನ ಮಾತ್ರೆ ಬರೆದುಕೊಟ್ಟರು.

ಆ ಮಾತ್ರೆಗಳು ಅವಳು ನುಂಗಿದ್ದಕ್ಕಿಂತ ಬೇಗ ಮುಗಿಯತೊಡಗಿದವು.

"ಏನ್ರೀ, ನನ್ ಮಾತ್ರೆ ತಗಂಡ್ರಾ?" ಎಂದು ಬಾಲಾಜಿಯನ್ನು ಕೇಳಿದಳು.

ಕಾರ್ಖಾನೆಗೆ ಹೊರಟಿದ್ದ ಅವನು ಶೂ ಕಟ್ಟುತ್ತಾ, "ನಿನ್ ಮಾತ್ರೆ ನನಗ್ಯಾಕೆ? ನೀನೇ ನುಂಗಿ ಮರ್ತಿರ್ತೀಯ. ಇಡ್ಲಿ ತಿಂದಿದ್ದೂ ಇಂಗೇ ಮರ್ತೋಗ್ತೀಯಲ್ಲ" ಎಂದ.

ಮಾತ್ರೆ ಮುಗಿಯಿತು ಎಂದು ಮತ್ತೆ ಬಂಗಾರಪೇಟೆಗೆ ಹೋದಾಗ ಡಾಕ್ಟರು ನಗಲೂ ಇಲ್ಲ. "ಇದು ಪೆಪ್ಪರ್‌ಮಿಂಟ್ ಅಲ್ಲಮ್ಮ. ಇನ್ನೊಂದ್ಸಲ ಬೇಗ ಮುಗೀತು ಅಂತ ಬಂದ್ರೆ ಮಾತ್ರೇನೂ ಇಲ್ಲ, ಸ್ಕ್ಯಾನ್ ಚೀಟೀನೂ ಇಲ್ಲ."

ಅವಳಿಗೆ ಬೇಕಿದ್ದದ್ದು ಆ ಚೀಟಿಯೇ. ಶಾಲೆಯ ಮುಖ್ಯ ಅಡುಗೆಯವಳು ಗಂಗರತ್ನಮ್ಮ ಸ್ಪಷ್ಟವಾಗಿ ಹೇಳಿದ್ದಳು: "ಸ್ಕ್ಯಾನ್ ಕಾಗ್ದ ತಂದ್ ತೋರ್ಸೇ ಅರುಣಾ. ಕೂತ್ಕಂಡ್ ತರ್ಕಾರಿ ಎಚ್ಚೋ ಕೆಲ್ಸ ಕೊಡಿಸ್ತೀನಿ. ಬರೀ ನೋವು ಅಂದ್ರೆ ಎಡ್‌ಮಿಸ್ಟ್ರೆಸ್ಸು ಸೋಂಬೇರಿ ಅಂತಾರೆ. ಪಾತ್ರೆ ಎತ್ತೋಳು ಬೇರೆ ಯಾರಾನಾ ಬತ್ತಾಳೆ." ಕಾಗದ ಸಿಕ್ಕದಿದ್ದರೆ ಕೆಲಸ ಹೋಗುತ್ತದೆ.

ಅಂದಿನಿಂದ ಅರುಣಕುಮಾರಿಯೂ ಕಾವಲು ಕೂತಳು. ಮುಖ ನೋಡಲಿಲ್ಲ, ನಡಿಗೆ ನೋಡಿದಳು. ಬಾಲಾಜಿ ಎಂದಿನಂತೆ ದಡಬಡ ಓಡಾಡುತ್ತಿದ್ದ. ಒಂದು ದಿನ ತಟ್ಟೆ ಇಡುವಾಗ ಕೋದಂಡಪ್ಪ ಮಂಚದಿಂದ ಏಳುವುದು ಕಂಡಿತು. ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಅನ್ನುವಷ್ಟು ಸಣಕಲ ಮನುಷ್ಯ. ಎಡಗಾಲು ಊರಿದ. ಗೋಡೆ ಹಿಡಿದ. ಬಲಗಾಲನ್ನು ನೆಲಕ್ಕೆ ಬಿಡುವ ಮೊದಲು ಸ್ವಲ್ಪ ತಡೆದ, ನೀರಿನ ಬಿಸಿ ನೋಡುವವರ ಹಾಗೆ.

ಶನಿವಾರ ಶಾಲೆ ಬೇಗ ಬಿಟ್ಟಿತು. ಅವಳು ಹಿತ್ತಿಲ ಬಾಗಿಲಿನಿಂದ ಬಂದಳು. ಕೋದಂಡಪ್ಪ ಅಡುಗೆಮನೆಯ ಗೂಡಿನ ಮುಂದೆ ನಿಂತಿದ್ದ. ಕೈಯಲ್ಲಿ ಮಾತ್ರೆಯ ಪಟ್ಟಿ.

"ನೀರ್ ಕೊಡ್ಲಾ ಮಾವಾ?" ಎಂದಳು.

ಅವನು ತಿರುಗಲಿಲ್ಲ. ಬಾಯಲ್ಲಿದ್ದದ್ದನ್ನು ಒಣಗಂಟಲಲ್ಲೇ ನುಂಗಿದ.

"ಯಾವಾಗಿಂದ?"

"ದೀಪಾವಳಿಯಿಂದ."

"ದಿನಾ ಡಬ್ಬಿ ಮೂಸಿ ನನ್ನ ಕಳ್ಳಿ ಮಾಡಿದ್ರಿ. ಬಾಯ್ಬಿಟ್ಟು ನಂಗೂ ನೋವು ಅನ್ನೋಕೇನಾಗಿತ್ತು?"

"ಏನಂತ ಏಳ್ಲಿ? ತಿಂದು ಕೊಬ್ಬಿದೋರ್ಗೆ ಬರೋ ನೋವು ಅಂತ ನಾನೇ ನಿನ್ನ ಆಡ್ಕಂಡಿದ್ದೆ. ನಂಗ್ ಬಂದಾಗ ನಂಗೇ ನಂಬ್ಕೆ ಬರ್ಲಿಲ್ಲ. ಈ ಕಡ್ಡಿ ಮೈಯಾಗೆ ಏನೈತೆ ನೋಯೋಕೆ?"

ಅವಳಿಗೆ ನಗು ಬಂತು, ಕೋಪವೂ ಬಂತು. ಇದೂ ಒಂದು ಆಟವೇ ಇರಬಹುದು ಎಂದೂ ಅನ್ನಿಸಿತು. "ಸೋಮವಾರ ಬಂಗಾರಪೇಟೆಗೆ ಬನ್ನಿ" ಎಂದಳು. "ಡಾಕ್ಟ್ರ ಮುಂದೆ ಇದೇ ಮಾತು ಏಳಿ. ಇಲ್ದಿದ್ರೆ ನಿಮ್ಮ ಮಗನ ಮುಂದೆ ನಾನ್ ಏಳ್ತೀನಿ."

ಸೋಮವಾರ ಇಬ್ಬರೂ ರೈಲಿನಲ್ಲಿ ಎದುರುಬದುರು ಕೂತು ಹೋದರು. ದಾರಿಯಲ್ಲಿ ಅವನು ಎರಡು ಸಲ ಇಳಿದುಬಿಡುವವನ ಹಾಗೆ ಬಾಗಿಲ ಕಡೆ ನೋಡಿದ. ಅವಳು ಕಾಲು ಚಾಚಿ ಅಡ್ಡ ಇಟ್ಟುಕೊಂಡಳು.

ಆದರೆ ಡಾಕ್ಟರ ಮುಂದೆ ಅವನು ಕೂರುವ ಮೊದಲೇ ಹೇಳಿಬಿಟ್ಟ. "ಮಾತ್ರೆ ಇವ್ಳು ನುಂಗಿದ್ದಲ್ಲ ಸಾಮಿ. ನಾನು."

ಡಾಕ್ಟರು ಅರುಣಕುಮಾರಿಯ ಕಡೆ ನೋಡಿದರು. "ಒಂದು ಪಟ್ಟಿ ಮಾತ್ರೆಗೋಸ್ಕರ ಈ ವಯಸ್ಸಾದೋರ ಕೈಲಿ ಸುಳ್ಳು ಹೇಳಿಸ್ತೀಯೇನಮ್ಮ?"

ಕೋದಂಡಪ್ಪನ ಬಾಯಿ ತೆರೆದೇ ಇತ್ತು. ಇಷ್ಟು ವರ್ಷ ಬೇರೆಯವರ ಮಾತನ್ನು ನಂಬದೆ ಬದುಕಿದವನು ಅವನು. ತನ್ನ ಮಾತನ್ನು ಹೀಗೆ ತಳ್ಳಿಹಾಕಬಹುದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಂಗಿ ಕಳಚಿ ಬೆನ್ನು ತಿರುಗಿಸಿ ನಿಂತ.

ಡಾಕ್ಟರು ಬೆನ್ನಿನ ಗಂಟುಗಳ ಮೇಲೆ ಬೆರಳಿಟ್ಟು ಒತ್ತುತ್ತಾ ಬಂದರು. ಸೊಂಟದ ಹತ್ತಿರ ಬಂದಾಗ ಕೋದಂಡಪ್ಪ ಮೇಜಿನ ಅಂಚು ಹಿಡಿದುಕೊಂಡ. ಮಲಗಿಸಿ ಕಾಲೆತ್ತಿಸಿ ನೋಡಿದರು. "ನರ ಒತ್ತಿಕೊಂಡಿರಬಹುದು ಯಜಮಾನ್ರೇ. ಮಾತ್ರೆಯಿಂದ ಹೋಗೋದಲ್ಲ ಇದು. ಕೋಲಾರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ" ಎಂದು ಚೀಟಿ ಬರೆದರು. ಅರುಣಕುಮಾರಿ ಎರಡು ವರ್ಷದಿಂದ ಕೇಳುತ್ತಿದ್ದ ಚೀಟಿ ಅದು. ಮಾವನನ್ನು ತೂಕದ ಯಂತ್ರದ ಮೇಲೆ ಯಾರೂ ಹತ್ತಿಸಲಿಲ್ಲ.

"ನಂಗೂ ಅಲ್ಲೇ ನೋವು ಸಾರ್" ಎಂದಳು.

"ನಿಮ್ಮದು ಬೇರೆ. ನಿಮ್ಮದು ತೂಕದ್ದು."

"ಅಂಗಂತ ನಾನೂ ಅಂದ್ಕಂಡಿದ್ದೆ ಸಾಮಿ" ಎಂದ ಕೋದಂಡಪ್ಪ, ಗುಂಡಿ ಹಾಕಿಕೊಳ್ಳುತ್ತಾ. "ನಂಗೆ ಒತ್ತಿ ನೋಡಿದ್ರಿ. ಇವ್ಳಿಗೂ ನೋಡಿ. ಏನೂ ಇಲ್ದಿದ್ರೆ ನಾನೇ ಕರ್ಕಂಡ್ ಓಗ್ತೀನಿ." ಹಾಗೆಂದವನು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟ.

ಡಾಕ್ಟರು ಆಚೆ ಕಾಯುತ್ತಿದ್ದವರ ಕಡೆ ಒಮ್ಮೆ ನೋಡಿ ನರ್ಸನ್ನು ಕರೆದರು. ಅರುಣಕುಮಾರಿ ಪರದೆಯ ಹಿಂದೆ ಹೋಗಿ ಬೋರಲು ಮಲಗಿದಳು. ಪರದೆ ನೆಲದವರೆಗೆ ಇರಲಿಲ್ಲ. ಅದರ ಕೆಳಗೆ ಮಾವನ ಪಾದಗಳು ಕಂಡವು. ಯಾವಾಗ ಎದ್ದು ಬಂದನೋ, ಹತ್ತಿರವೇ ನಿಂತಿದ್ದ. ಜೊತೆಗಿರಲು ನಿಂತಿದ್ದಾನೋ, ಕಿವಿಗೊಟ್ಟು ನಿಂತಿದ್ದಾನೋ ಅವಳಿಗೆ ತಿಳಿಯಲಿಲ್ಲ.

ಡಾಕ್ಟರ ಬೆರಳು ಬೆನ್ನ ಮೇಲಿಂದ ಇಳಿಯತೊಡಗಿತು. ಜೋರಾಗಿ ಕೂಗಿದರೆ ನಾಟಕ ಅನ್ನುತ್ತಾರೆ. ಹಲ್ಲು ಕಚ್ಚಿದರೆ ನೋವೇ ಇಲ್ಲ ಅನ್ನುತ್ತಾರೆ. ಎಷ್ಟು ಕೂಗಿದರೆ ಸರಿಹೋಗುತ್ತದೆ ಎಂದು ಅವಳು ಇನ್ನೂ ಯೋಚಿಸುತ್ತಿರುವಾಗಲೇ ಬೆರಳು ಆ ಜಾಗಕ್ಕೆ ಬಂತು. ಬಾಯಿಂದ ಬಂದ ಸದ್ದು ಅವಳಿಗೇ ಗುರುತಾಗಲಿಲ್ಲ.

"ಇಲ್ಲೇನಾ?"

"ಅಲ್ಲೇ ಸಾರ್."

ಡಾಕ್ಟರು ಕೈ ತೆಗೆದು, ಎಷ್ಟು ದಿನದಿಂದ ಕೆಲಸ, ಯಾವ ಶಾಲೆ ಎಂದು ಏನೇನೋ ವಿಚಾರಿಸಿದರು. ಅವಳು ಉತ್ತರ ಹೇಳುತ್ತಿರುವಾಗ, ಹೇಳದೆ ಕೇಳದೆ ಮತ್ತೆ ಅಲ್ಲೇ ಒತ್ತಿದರು. ಅದೇ ಸದ್ದು ಬಂತು.

ಪರದೆ ಸರಿಯಿತು. "ಇವರ ಹೆಸರೇನು ಹೇಳಿ, ಕೋಲಾರಕ್ಕೆ ಇವರಿಗೂ ಒಂದು ಚೀಟಿ ಬರೀತೀನಿ" ಎಂದು ಡಾಕ್ಟರು ನರ್ಸಿಗೆ ಹೇಳುವುದು ಕೇಳಿಸಿತು. ಅರುಣಕುಮಾರಿ ಹಾಗೇ ಮಲಗಿದ್ದಳು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕಿವಿಗೆ ಬೀಳುವವರೆಗೂ ಅವಳು ಏಳಲಿಲ್ಲ.